ಮಡಚುವ ಟಚ್ ಸ್ಕ್ರೀನ್: ಒಳಗಿನ ಟ್ರ್ಯಾಕ್ ಬಿರುಕು ಬಿಡದಂತೆ ನೋಡಿಕೊಳ್ಳುವುದು ಹೇಗೆ?

ಮಂಡ್ಯದ ಕಡೆ ಮಕ್ಕಳಿಗೂ ಗೊತ್ತು. ಕಬ್ಬಿನ ಜಲ್ಲೆಯನ್ನು ಮಂಡಿಗೆ ಕೊಟ್ಟು ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತದೆ. ಅದೇ ಜಲ್ಲೆಯಿಂದ ಸಿಗಿದ ತೆಳು ಸಿಪ್ಪೆಯನ್ನು ಬೆರಳಿಗೆ ಉಂಗುರದ ಹಾಗೆ ಸುತ್ತಬಹುದು. ಜಲ್ಲೆ ಅದೇ, ದಪ್ಪ ಮಾತ್ರ ಬೇರೆ. ಬೆರಳು ಮುಟ್ಟಿದ ಸುದ್ದಿಯನ್ನು ಚಿಪ್‌ಗೆ ಮುಟ್ಟಿಸುವ ಸಣ್ಣ ವಾಹಕ ಗೆರೆಗಳಿಗೂ, ಅಂದರೆ ಟ್ರ್ಯಾಕ್‌ಗಳಿಗೂ, ಇದೇ ಲೆಕ್ಕ.

ಯಾವುದೇ ಹಾಳೆಯನ್ನು ಬಗ್ಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ನಡುವೆ ಎಲ್ಲೋ ಒಂದು ಮಟ್ಟದಲ್ಲಿ ಹಿಗ್ಗೂ ಇಲ್ಲ, ಕುಗ್ಗೂ ಇಲ್ಲ. ಅದು ತಟಸ್ಥ ಮಟ್ಟ. ಟ್ರ್ಯಾಕ್‌ಗಳನ್ನು ಆ ಮಟ್ಟಕ್ಕೆ ಎಷ್ಟು ಹತ್ತಿರ ಕೂರಿಸುತ್ತೀರೋ ಅಷ್ಟು ಬಾಳಿಕೆ. ಹೂಟಗಳ್ಳಿಯ ಶೆಡ್ಡಿನಲ್ಲಿ ಪ್ಯಾನೆಲ್ ಜೋಡಿಸುವವರಾಗಲಿ, ಕಾಲೇಜಿನ ಪ್ರಾಜೆಕ್ಟಿಗೆ ಮಾಡುವವರಾಗಲಿ, ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದುವರಿಯಬೇಕು.

ಮೊದಲು ಲೆಕ್ಕ ಹಾಕಿ

ಪದರಗಳ ಒಟ್ಟು ದಪ್ಪವನ್ನು ಬಾಗುವ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದರೆ ಹೊರಮೈ ಎಷ್ಟು ಹಿಗ್ಗುತ್ತದೆ ಎಂಬ ಅಂದಾಜು ಸಿಗುತ್ತದೆ. 0.1 ಮಿ.ಮೀ. ದಪ್ಪದ ಹಾಳೆಯನ್ನು 3 ಮಿ.ಮೀ. ತ್ರಿಜ್ಯಕ್ಕೆ ಬಗ್ಗಿಸಿದರೆ ಸುಮಾರು ಶೇ 1.7. ದಪ್ಪವನ್ನು ಅರ್ಧ ಮಾಡಿದರೆ ಶೇ 0.8. ಮಾಮೂಲಿ ಟಚ್ ಪ್ಯಾನೆಲ್‌ಗಳಲ್ಲಿ ಬಳಸುವ ಪಾರದರ್ಶಕ ಐಟಿಒ (ಇಂಡಿಯಂ ಟಿನ್ ಆಕ್ಸೈಡ್) ಲೇಪನ ಗಾಜಿನ ಸ್ವಭಾವದ್ದು, ಶೇ 1ರಿಂದ 2ರಷ್ಟು ಹಿಗ್ಗಿದರೆ ಸಾಕು, ಬಿರುಕು ಬಿಡುತ್ತದೆ. ಹಾಗಾಗಿ ಮಡಿಕೆ ಬೀಳುವ ಜಾಗದಲ್ಲಿ ಐಟಿಒ ಬೇಡ. ಅಲ್ಲಿಗೆ ಲೋಹದ ಬಲೆ ಅಥವಾ ಬೆಳ್ಳಿಯ ನ್ಯಾನೋ ಎಳೆಗಳ ಲೇಪನವೇ ಸರಿ.

ಟ್ರ್ಯಾಕ್ ಎಳೆಯುವಾಗ

ಮಡಿಕೆಯ ಗೆರೆಯನ್ನು ಟ್ರ್ಯಾಕ್‌ಗಳು ನೇರವಾಗಿ, 90 ಡಿಗ್ರಿಯಲ್ಲಿ ದಾಟಬೇಕು. ಮಡಿಕೆಯ ಒಳಗೆ ತಿರುವು ಬೇಡ, ಅಗಲ ಬದಲಾಗುವುದು ಬೇಡ, ಎರಡು ಪದರ ಸೇರಿಸುವ ವಯಾ ರಂಧ್ರವಂತೂ ಬೇಡವೇ ಬೇಡ. ಎಳೆತವೆಲ್ಲ ಹೋಗಿ ಕೂರುವುದು ಇಂಥ ಮೂಲೆಗಳಲ್ಲೇ. ಎರಡೂ ಮೈಗಳಲ್ಲಿ ಟ್ರ್ಯಾಕ್ ಇದ್ದರೆ ಒಂದರ ನೆತ್ತಿಯ ಮೇಲೆ ಇನ್ನೊಂದನ್ನು ಎಳೆಯದೆ, ಮೇಲಿನದು ಕೆಳಗಿನ ಎರಡರ ನಡುವಿನ ಸಂದಿಗೆ ಬರುವಂತೆ ಜರುಗಿಸಿ. ನೇರ ಮೇಲೆ ಕೂತರೆ ಅವೆರಡೂ ಸೇರಿ ತೊಲೆಯಂತೆ ಬಿರುಸಾಗುತ್ತವೆ.

ತಾಮ್ರದ ಫ್ಲೆಕ್ಸ್ ಕೇಬಲ್ ತರಿಸುವಾಗ ರೋಲ್ಡ್ ಅನೀಲ್ಡ್ ತಾಮ್ರವೇ, ಅಂದರೆ ಉರುಳೆಯಲ್ಲಿ ಒತ್ತಿ ತೆಳುವಾಗಿಸಿ ಕಾಯಿಸಿ ಮೆತ್ತಗೆ ಮಾಡಿದ್ದೇ, ಬೇಕೆಂದು ಕೇಳಿ. ಪದೇ ಪದೇ ಮಡಚುವ ಕಡೆ ವಿದ್ಯುಲ್ಲೇಪನದ ತಾಮ್ರ ಬೇಗ ದಣಿಯುತ್ತದೆ. ತಾಮ್ರದ ದಪ್ಪ 18 ಅಥವಾ 12 ಮೈಕ್ರಾನ್ ಸಾಕು. ಒಮ್ಮೆ ಬಗ್ಗಿಸಿ ಹಾಗೇ ಬಿಡುವ ಒಂದು ಪದರದ ಕೇಬಲ್ಲಿಗೆ ಇಡೀ ಕೇಬಲ್ಲಿನ ದಪ್ಪದ 6 ಪಟ್ಟು ತ್ರಿಜ್ಯ, ಎರಡು ಪದರದ್ದಕ್ಕೆ 12 ಪಟ್ಟು ಕೊಡುವುದು ರೂಢಿ. ದಿನವೂ ಮಡಚುವಂಥದ್ದಾದರೆ 100 ಪಟ್ಟು ಕೊಡಿ.

ಪದರ, ಅಂಟು

ಹೆಚ್ಚು ಜನ ಎಡವುವುದು ಇಲ್ಲಿ. ಇನ್ನೂರು ಪುಟದ ನೋಟ್‌ಬುಕ್ಕನ್ನು ಬಗ್ಗಿಸಿ ಅಂಚು ನೋಡಿ. ಹಾಳೆಗಳು ಒಂದರ ಮೇಲೊಂದು ಜಾರಿ ಅಂಚು ಓರೆಯಾಗುತ್ತದೆ, ಪುಸ್ತಕ ಸುಲಭವಾಗಿ ಬಾಗುತ್ತದೆ. ಅದೇ ಹಾಳೆಗಳನ್ನು ಪೂರ್ತಿ ಗೋಂದು ಹಚ್ಚಿ ಒಣಗಿಸಿದರೆ ಅದು ಹಲಗೆ. ಪ್ಯಾನೆಲ್ಲಿನ ಪದರಗಳ ನಡುವಿನ ಪಾರದರ್ಶಕ ಅಂಟು ಮೆತ್ತಗಿದ್ದರೆ ಪ್ರತಿ ಪದರವೂ ಕೊಂಚ ಜಾರಿ ತನ್ನದೇ ತಟಸ್ಥ ಮಟ್ಟ ಕಂಡುಕೊಳ್ಳುತ್ತದೆ. ಗಟ್ಟಿ ಅಂಟು ಹಾಕಿದರೆ ಎಲ್ಲವೂ ಒಂದೇ ದಪ್ಪ ಹಲಗೆಯಾಗಿ, ಹೊರಗಡೆ ಕೂತ ಟ್ರ್ಯಾಕ್ ಸೀಳುತ್ತದೆ.

ಟ್ರ್ಯಾಕಿನ ಮೇಲೂ ಕೆಳಗೂ ಒಂದೇ ದಪ್ಪದ ಹೊದಿಕೆ ಕೊಡಿ: ಕೆಳಗೆ 25 ಮೈಕ್ರಾನ್ ಪಾಲಿಇಮೈಡ್ (ಶಾಖ ತಡೆಯುವ ಪ್ಲಾಸ್ಟಿಕ್ ಹಾಳೆ) ಇದ್ದರೆ ಮೇಲೂ ಅಷ್ಟೇ. ಅದು ಆಗದಿದ್ದಲ್ಲಿ ಟ್ರ್ಯಾಕ್ ಮಡಿಕೆಯ ಒಳಮೈಗೆ ಬರಲಿ. ಕುಗ್ಗುವುದನ್ನು ಅದು ಹಿಗ್ಗುವುದಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ.

ಜೋಡಿಸುವಾಗ

ಬಿರುಕು ಅಂಚಿನಿಂದಲೇ ಶುರುವಾಗುವುದು ಜಾಸ್ತಿ. ಮೊಂಡು ಕತ್ತರಿಯಲ್ಲಿ ಕತ್ತರಿಸಿದ ಅಂಚಿನಲ್ಲಿ ಕಣ್ಣಿಗೆ ಕಾಣದ ಕಚ್ಚುಗಳಿರುತ್ತವೆ. ಪ್ರತಿ ಮಡಿಕೆಗೂ ಅವು ಒಳಗೆ ಹರಿಯುತ್ತ ಟ್ರ್ಯಾಕ್ ಮುಟ್ಟುತ್ತವೆ. ಹೊಸ ಬ್ಲೇಡ್ ಬಳಸಿ, ಒಳಮೂಲೆಗಳನ್ನು ದುಂಡಗೆ ಮಾಡಿ. ಕನೆಕ್ಟರಿನ ಹಿಂದಿನ ಗಟ್ಟಿ ಪಟ್ಟಿ ಮುಗಿದಲ್ಲೇ ಕೇಬಲ್ ಮಡಚಬೇಡಿ, ಎರಡೂವರೆ ಮಿ.ಮೀ. ಆದರೂ ಬಿಟ್ಟು ಬಾಗು ಶುರುವಾಗಲಿ.

ಆಷಾಢದ ಜಡಿಮಳೆಯಲ್ಲಿ ಪಾಲಿಇಮೈಡ್ ತೇವ ಹೀರಿರುತ್ತದೆ. ಬೆಸುಗೆಯ ಕಾವಿಗೆ ಆ ತೇವ ಆವಿಯಾಗಿ ಪದರ ಎಬ್ಬಿಸುತ್ತದೆ. ಬಿಡಿ ಪಾಲಿಇಮೈಡ್ ಕೇಬಲ್ಲಾದರೆ ಬೆಸುಗೆಗೆ ಮುಂಚೆ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ 2 ಗಂಟೆ ಒಣಗಿಸಿ. ಪರದೆ ಅಂಟಿರುವುದನ್ನು, ಪಿಇಟಿ ಎಂಬ ಮಾಮೂಲಿ ಪ್ಲಾಸ್ಟಿಕ್ ಹಾಳೆಯದನ್ನು ಈ ಶಾಖಕ್ಕೆ ಒಡ್ಡಲೇಬಾರದು, ಮುದುಡಿ ಹೋಗುತ್ತದೆ.

ಪರೀಕ್ಷೆ

6 ಮಿ.ಮೀ. ಡ್ರಿಲ್ ಬಿಟ್ಟಿನ ನುಣುಪಾದ ಹಿಡಿಗೆ ಸುತ್ತಿದರೆ ಅದೇ 3 ಮಿ.ಮೀ. ತ್ರಿಜ್ಯ. ಮಡಚುವ ಮೊದಲು ಟ್ರ್ಯಾಕಿನ ರೋಧ (ರೆಸಿಸ್ಟೆನ್ಸ್) ಅಳೆದು ಬರೆದಿಡಿ, ಆಮೇಲೆ ಸುತ್ತಿರುವಾಗಲೇ ಅಳೆಯಿರಿ. ಬಿಡಿಸಿ ಅಳೆದರೆ ಮೋಸ ಹೋಗುತ್ತೀರಿ: ಹಾಳೆ ಚಪ್ಪಟೆಯಾದ ಕೂಡಲೇ ಸೀಳಿನ ಎರಡು ತುದಿ ಮತ್ತೆ ತಾಗಿ ಎಲ್ಲ ಸರಿಯಿರುವಂತೆ ತೋರುತ್ತದೆ. ಪೂರ್ತಿ ತೆರೆದಾಗ ಕೆಲಸ ಮಾಡುವ ಪರದೆ ಅರ್ಧ ಮಡಚಿದಾಗ ಒಂದು ಪಟ್ಟಿಯಷ್ಟು ಮಾತ್ರ ಸತ್ತಂತಿರುವುದೂ ಇದರಿಂದಲೇ. ರೋಧ ಶೇ 10ಕ್ಕಿಂತ ಹೆಚ್ಚು ಏರಿದರೆ ಆ ವಿನ್ಯಾಸ ಕೈಬಿಡಿ. ತಾಮ್ರದ ಟ್ರ್ಯಾಕಿನ ರೋಧ 1 ಓಮ್‌ಗಿಂತ ಕಡಿಮೆ ಇರಬಹುದು. ಆಗ ಮಾಮೂಲಿ ಮಲ್ಟಿಮೀಟರಿನ ಕಡ್ಡಿ ಒತ್ತುವ ವ್ಯತ್ಯಾಸವೇ ಅದಕ್ಕಿಂತ ದೊಡ್ಡದಾಗುತ್ತದೆ. ಹತ್ತು ಟ್ರ್ಯಾಕ್‌ಗಳನ್ನು ಸಾಲಾಗಿ ಜೋಡಿಸಿ ಅಳೆಯಿರಿ, ಇಲ್ಲವೇ ಕಡ್ಡಿಯ ರೋಧ ಲೆಕ್ಕಕ್ಕೆ ಬಾರದಂತೆ ಅಳೆಯುವ ನಾಲ್ಕು ತಂತಿಯ ಮೀಟರ್ ಬಳಸಿ.

ಮಡಚುವ ಫೋನ್ ಕೈಯಲ್ಲಿರುವವರಿಗೂ ಒಂದು ಮಾತು. ಕಂಪನಿ ಹಾಕಿಕೊಟ್ಟ ಫಿಲ್ಮಿನ ಮೇಲೆ ಅಂಗಡಿಯ ದಪ್ಪ ಸ್ಕ್ರೀನ್ ಗಾರ್ಡ್ ಅಂಟಿಸಿದರೆ ತಟಸ್ಥ ಮಟ್ಟವೇ ಆ ಕಡೆಗೆ ಸರಿದು, ಲೆಕ್ಕ ಹಾಕಿ ಕೂರಿಸಿದ ಟ್ರ್ಯಾಕ್‌ಗಳ ಮೇಲೆ ಎಳೆತ ಬೀಳುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟಿದ್ದ ಫೋನನ್ನು ತಕ್ಷಣ ಮಡಚಬೇಡಿ, ನೆರಳಲ್ಲಿ ಆರಲಿ. ಫಿಲ್ಮಿನ ಅಂಚು ಎದ್ದಿದ್ದರೆ ಉಗುರಿನಿಂದ ಕೀಳದೆ ಸರ್ವಿಸ್ ಸೆಂಟರಿನಲ್ಲೇ ಬದಲಾಯಿಸಿಕೊಳ್ಳಿ.