ಯಜಮಾನರು ಹೋದ ಮೇಲೆ ಖಿನ್ನತೆಯಿಂದ ನಾನು ಹೊರಬಂದ ಬಗೆ

ನಮ್ಮ ಯಜಮಾನರು ತೀರಿಕೊಂಡಿದ್ದು ಹೃದಯಾಘಾತದಿಂದ. ರಾತ್ರಿ ಊಟ ಆದ ಮೇಲೆ ಎದೆ ಉರಿ ಅಂದರು. ಗ್ಯಾಸ್ಟ್ರಿಕ್ ಇರಬೇಕು ಅಂತ ಅವರೇ ಹೇಳಿ ಜೀರಿಗೆ ನೀರು ಕುಡಿದು ಮಲಗಿದರು. ಬೆಳಗಿನ ಜಾವ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ನಾನು ತಿಪಟೂರು ಕಡೆ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ದುಃಖ ಬೇರೆ, ಖಿನ್ನತೆ ಬೇರೆ ಅನ್ನೋದು ಗೊತ್ತಿಲ್ಲದೆ ಒಳಗೊಳಗೇ ಸವೆಯುತ್ತಿರುವ ಹೆಣ್ಣುಮಕ್ಕಳು ಎಷ್ಟೋ ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ತಿಥಿ ಮುಗಿಯುವವರೆಗೆ ಮನೆ ತುಂಬ ಜನ. ನಾನು ಅತ್ತು ಅತ್ತು ಸುಸ್ತಾಗಿ ಮಲಗಿದೆ, ಯಾರೋ ಎಬ್ಬಿಸಿ ಊಟ ಮಾಡಿಸಿದರು. ಆ ದುಃಖ ಅಲೆಅಲೆಯಾಗಿ ಬರುತ್ತಿತ್ತು. ನಡುವೆ ಅವರ ಹಳೇ ಕಥೆ ಯಾವುದಾದರೂ ನೆನಪಾದರೆ ನಗುವೂ ಬರುತ್ತಿತ್ತು. ಜನರೆಲ್ಲ ಅವರವರ ಊರಿಗೆ ಹೋಗಿ, ಮಗಳೂ ಬೆಂಗಳೂರಿಗೆ ಕೆಲಸಕ್ಕೆ ವಾಪಸ್ ಹೋದ ಮೇಲೆ ಶುರುವಾಗಿದ್ದೇ ಬೇರೆ. ಅಳುವೇ ನಿಂತುಹೋಯಿತು. ಮೂರು ಗಂಟೆಗೆಲ್ಲ ಎಚ್ಚರ, ಆಮೇಲೆ ಬೆಳಗಾಗುವ ತನಕ ಸೂರು ನೋಡುವುದು. ಅನ್ನ ಬಾಯಿಗೆ ಇಟ್ಟರೆ ರುಚಿ ಗೊತ್ತಾಗುತ್ತಿರಲಿಲ್ಲ. ತರಗತಿಯಲ್ಲಿ ಮಕ್ಕಳು ಓದುತ್ತಿದ್ದರೆ ಒಂದು ಸಾಲೂ ಕಿವಿಗೆ ಬೀಳುತ್ತಿರಲಿಲ್ಲ. ತಲೆಯಲ್ಲಿ ತಿರುಗುತ್ತಿದ್ದಿದ್ದು ಒಂದೇ ವಿಷಯ, ಜೀರಿಗೆ ನೀರು. ಅವರು ಮಲಗಿದಾಗ ನಾನು ಯಾಕೆ ಪಕ್ಕದ ಮನೆಯವರನ್ನು ಕರೆಯಲಿಲ್ಲ, ನಾನು ಎಂಥ ಹೆಂಡತಿ, ನಾನು ಯಾಕೆ ಬದುಕಿರಬೇಕು.

ಅವರ ಮೊಬೈಲ್ ಬೇರೆ. ಗ್ಯಾಸ್ ಬುಕ್ಕಿಂಗ್, ಬ್ಯಾಂಕು, ಕರೆಂಟ್ ಬಿಲ್ಲು ಎಲ್ಲದಕ್ಕೂ ಅವರದ್ದೇ ನಂಬರ್ ಕೊಟ್ಟಿದ್ದರಿಂದ ಓಟಿಪಿ ಬರುವುದು ಅದಕ್ಕೇ. ಹಾಗಾಗಿ ಅದನ್ನು ದಿನಾ ಚಾರ್ಜಿಗೆ ಹಾಕಬೇಕು, ರೀಚಾರ್ಜ್ ಮಾಡಿಸಬೇಕು. ಐದೂವರೆಗೆ ಅವರು ಇಟ್ಟಿದ್ದ ಅಲಾರಂ ದಿನಾ ಹೊಡೆದುಕೊಳ್ಳುತ್ತಿತ್ತು. ಆರಿಸುತ್ತಿದ್ದೆ, ತೆಗೆದುಹಾಕಲು ಮನಸ್ಸು ಬರುತ್ತಿರಲಿಲ್ಲ. ಮಗಳು ಬಂದಾಗ ಇಬ್ಬರೂ ಕೂತು ಒಂದೊಂದೇ ಕಡೆ ನಂಬರ್ ಬದಲಾಯಿಸಿದೆವು. ಮರಣ ಪ್ರಮಾಣಪತ್ರದ ಹತ್ತಾರು ಜೆರಾಕ್ಸ್ ಬೇಕಾಯಿತು, ಬ್ಯಾಂಕಿಗೆ ಅಲೆದಾಟ ಆಯಿತು. ಈ ಕೆಲಸಗಳನ್ನು ಒಬ್ಬರೇ ಮಾಡಬೇಡಿ, ನನ್ನ ಗಟ್ಟಿ ಅಭಿಪ್ರಾಯ ಇದು. ಪ್ರತಿ ಕೌಂಟರಿನಲ್ಲೂ "ಅವರು ತೀರಿಕೊಂಡಿದ್ದಾರೆ" ಅಂತ ಹೊಸದಾಗಿ ಹೇಳುವುದು ಸಣ್ಣ ಸಂಕಟ ಅಲ್ಲ.

ಎದೆ ಮೇಲೆ ಯಾವಾಗಲೂ ಏನೋ ಭಾರ ಇರುತ್ತಿತ್ತು. ನನಗೂ ಹಾರ್ಟ್ ತೊಂದರೆ ಇರಬಹುದು ಅಂತ ಇಸಿಜಿ ಮಾಡಿಸಿದೆ, ಸರಿಯಾಗಿತ್ತು. ಆ ಡಾಕ್ಟರೇ ಥೈರಾಯ್ಡ್ ಕೂಡ ನೋಡಿಸಿ, ಅದೂ ಸರಿ ಇದ್ದಿದ್ದರಿಂದ, "ಮಂಗಳವಾರ ಮನೋವೈದ್ಯರು ಬರ್ತಾರೆ, ಒಂದ್ಸಲ ಮಾತಾಡಿ ಅಮ್ಮ" ಅಂದರು. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಕಾರ್ಯಕ್ರಮ ಇದೆ, ತಾಲ್ಲೂಕು ಆಸ್ಪತ್ರೆಗೇ ಮಂಗಳವಾರ ಮನೋವೈದ್ಯರು ಬರುತ್ತಾರೆ. ಇದೆಲ್ಲ ಪೇಟೆಯವರ ಕಾಯಿಲೆ ಅಂತ ನಮ್ಮ ಕಡೆ ಹೇಳುವವರಿದ್ದಾರಲ್ಲ, ಅವರಿಗೆ ಒಂದು ಮಾತು. ಹಳ್ಳಿಗಳಿಗೆ ಈ ಚಿಕಿತ್ಸೆ ಮುಟ್ಟಿಸುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿತ್ತು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಹಳ್ಳಿಯಲ್ಲಿ ಈ ಕಾಯಿಲೆ ಇಲ್ಲದಿದ್ದರೆ ಅದೆಲ್ಲ ಯಾಕೆ ಬೇಕಿತ್ತು?

ಮನೋವೈದ್ಯರು ಕೇಳಿದ್ದು ಸರಳ ಪ್ರಶ್ನೆಗಳು. ನಿದ್ದೆ ಹೇಗಿದೆ, ಊಟ ಹೇಗಿದೆ, ಮೊದಲು ಇಷ್ಟವಾಗುತ್ತಿದ್ದ ಯಾವುದಾದರೂ ಈಗ ಖುಷಿ ಕೊಡುತ್ತಾ, ಸಾಯಬೇಕು ಅನ್ನಿಸುತ್ತಾ. ಕೊನೆಯದಕ್ಕೆ ಹೌದು ಅಂದೆ. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವರು ಗಾಬರಿ ಬೀಳಲಿಲ್ಲ, ಬೈಯಲೂ ಇಲ್ಲ. ಯೋಚನೆ ಮಾತ್ರವಾ, ಏನಾದರೂ ತಯಾರಿ ಮಾಡಿಕೊಂಡಿದ್ದೀರಾ ಅಂತ ಕೇಳಿದರು. ಮಗಳನ್ನು ಕರೆಸಿ ಕೆಲವು ವಾರ ಜೊತೆಗಿರಲು ಹೇಳಿದರು. 14416 ನಂಬರ್ ಬರೆದುಕೊಟ್ಟರು. ಅದು ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಫೋನಿನಲ್ಲೇ ನೆರವು ಕೊಡುವ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಸರ್ಕಾರ ಶುರು ಮಾಡಿದ್ದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಮೂರು ಗಂಟೆಗೆ ಎದ್ದು ಕೂತಾಗ ಮಾಡಿದ್ದೇನೆ. ಆ ಕಡೆ ಇದ್ದ ಹುಡುಗಿ ಏನೂ ಉಪದೇಶ ಮಾಡದೆ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು, ನನಗೆ ಆಗ ಬೇಕಿದ್ದದ್ದೂ ಅಷ್ಟೇ.

ಮಾತ್ರೆ ಕೊಟ್ಟರು, ಎಸಿಟಲೊಪ್ರಾಂ. ಮೊದಮೊದಲು ಹೊಟ್ಟೆ ತೊಳೆಸುತ್ತಿತ್ತು, ಗುಣ ಏನೂ ಕಾಣಲಿಲ್ಲ. ಇದು ತಲೆನೋವಿನ ಮಾತ್ರೆ ತರ ಅಲ್ಲ, ಕೆಲಸ ಮಾಡಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಜಾಸ್ತಿ ಬೇಕು ಅಂತ ಮೊದಲೇ ಹೇಳಿದ್ದರಿಂದ ಬಿಡಲಿಲ್ಲ. ಅಭ್ಯಾಸ ಹಿಡಿಯುತ್ತೆ ಅಂತ ನೆಂಟರು ಹೆದರಿಸಿದರು. ನಿದ್ದೆ ಮಾತ್ರೆ ಬೇರೆ, ಇದು ಬೇರೆ. ಚಟ ಹಿಡಿಸುವಂಥದ್ದಲ್ಲ. ಆದರೆ ಚೆನ್ನಾಗಾಯ್ತು ಅಂತ ತಟ್ಟನೆ ನಿಲ್ಲಿಸಬಾರದು. ಹುಷಾರಾದ ಮೇಲೂ ಆರು ತಿಂಗಳಾದರೂ ಮುಂದುವರಿಸಿ, ಡಾಕ್ಟರ್ ಹೇಳಿದ ಹಾಗೆ ಸ್ವಲ್ಪಸ್ವಲ್ಪವೇ ಇಳಿಸಬೇಕು. ನಾನು ಹಾಗೇ ಮಾಡಿದೆ. ಯಾವ ಮಾತ್ರೆ, ಬೇಕೋ ಬೇಡವೋ ಅನ್ನೋದು ನಿಮ್ಮ ಡಾಕ್ಟರ್ ನೋಡಿ ಹೇಳಬೇಕು, ನನ್ನದನ್ನು ನೋಡಿ ಅಂಗಡಿಯಲ್ಲಿ ಕೇಳಬೇಡಿ.

ಮಾತ್ರೆಗಿಂತ ಜಾಸ್ತಿ ಹೇಳಬೇಕಾಗಿರುವುದು ಒಂದು ನೋಟ್‌ಬುಕ್ ಬಗ್ಗೆ. ಆಪ್ತಸಮಾಲೋಚಕಿ ಕೊಟ್ಟ ಕೆಲಸ ಅದು. ಮಾರನೇ ದಿನದ ಎರಡು ಮೂರು ಸಣ್ಣ ಕೆಲಸಗಳನ್ನು ಗಂಟೆ ಸಮೇತ ಬರೆಯಬೇಕು. ಏಳು ಗಂಟೆಯೊಳಗೆ ಸ್ನಾನ. ದಾಸವಾಳದ ಗಿಡಕ್ಕೆ ನೀರು. ಆಟೋ ಬಿಟ್ಟು ಶಾಲೆಗೆ ನಡೆದು ಹೋಗುವುದು. ಮಾಡುವ ಮೊದಲು ಮನಸ್ಸು ಹತ್ತಕ್ಕೆ ಎಷ್ಟಿತ್ತು, ಮಾಡಿದ ಮೇಲೆ ಎಷ್ಟಾಯಿತು ಅಂತ ಅಂಕ ಹಾಕಬೇಕು. "ಮನಸ್ಸು ಬಂದ ಮೇಲೆ ಮಾಡ್ತೀನಿ ಅಂತ ಕಾಯಬೇಡಿ ಟೀಚರ್, ಮಾಡ್ತಾ ಮಾಡ್ತಾ ಮನಸ್ಸು ಬರುತ್ತೆ" ಅಂದರು. ಎರಡು ಇದ್ದದ್ದು ಮೂರು ಆಗುತ್ತಿತ್ತು, ಅಷ್ಟೇ. ಆದರೆ ಪುಟ ತಿರುಗಿಸಿ ನೋಡಿದರೆ ಸುಮ್ನೆ ಮಲಗಿದ್ದ ದಿನಗಳಲ್ಲಿ ಒಂದೂ ಇರಲಿಲ್ಲ, ನಡೆದು ಹೋದ ದಿನಗಳಲ್ಲಿ ನಾಲ್ಕು ಇತ್ತು. ನನ್ನ ಕೈಬರಹದಲ್ಲೇ ಇದ್ದದ್ದನ್ನು ಇಲ್ಲ ಅನ್ನುವುದು ಹೇಗೆ?

ಜೀರಿಗೆ ನೀರಿನ ವಿಷಯವನ್ನೂ ಅವರೇ ಬಿಡಿಸಿದರು. ಅದೇ ರಾತ್ರಿ ನಿಮ್ಮ ಅಕ್ಕನ ಮನೆಯಲ್ಲಿ ನಡೆದಿದ್ದರೆ ಅಕ್ಕನಿಗೆ ಏನು ಹೇಳುತ್ತಿದ್ದಿರಿ ಅಂತ ಕೇಳಿದರು. ಉತ್ತರ ಹೇಳುತ್ತಾ ಹೇಳುತ್ತಾ ಎಷ್ಟೋ ದಿನದ ಮೇಲೆ ಅತ್ತೆ.

ಇನ್ನು ಅರಿಶಿನ ಕುಂಕುಮದ ವಿಷಯ. ಮೊದಲ ಗೌರಿ ಹಬ್ಬದಲ್ಲಿ ಪಕ್ಕದ ಬೀದಿಯ ಮನೆಯಲ್ಲಿ ಸಾಲಾಗಿ ಕೂತಿದ್ದ ಹೆಂಗಸರಿಗೆಲ್ಲ ಕುಂಕುಮ ಕೊಡುತ್ತಾ ಬಂದ ತಟ್ಟೆ ನನ್ನ ಮುಂದೆ ನಿಲ್ಲದೆ ಮುಂದಕ್ಕೆ ಹೋಯಿತು. ಕೆಟ್ಟ ಉದ್ದೇಶ ಇರಲಿಲ್ಲ, ಗೊತ್ತು. ಆದರೂ ಆ ವಾರ ನನ್ನ ನೋಟ್‌ಬುಕ್ಕಿನಲ್ಲಿ ಬರೀ ಸೊನ್ನೆಗಳು. ಗಂಡನನ್ನು ಕಳೆದುಕೊಂಡವಳನ್ನು ಜನರ ನಡುವಿನಿಂದಲೂ ಕಳೆಯುವುದು ಈ ಕಾಯಿಲೆಗೆ ಗೊಬ್ಬರ ಹಾಕಿದ ಹಾಗೆ. ಇದು ನಿಲ್ಲಬೇಕು. ನಾನೀಗ ದಿನಾ ಕುಂಕುಮ ಇಟ್ಟುಕೊಂಡೇ ಶಾಲೆಗೆ ಹೋಗುತ್ತೇನೆ. ನಮ್ಮ ಶಾಲೆಯ ಅಡುಗೆಯವರು ಮುಂದಿನ ಸಲ ತಾವೇ ಮನೆಗೆ ಬಂದು ಹೂವು ಕೊಟ್ಟು ಹೋದರು. "ಏನಾದ್ರೂ ಬೇಕಿದ್ರೆ ಹೇಳಿ" ಅಂದವರು ಬಹಳ ಜನ. ಆದರೆ ಖಿನ್ನತೆಯಲ್ಲಿದ್ದವರಿಗೆ ಬೇಕು ಅಂತ ಕೇಳುವ ಶಕ್ತಿಯೇ ಇರುವುದಿಲ್ಲ. ಕೇಳದೆಯೇ ಡಬ್ಬಿಯಲ್ಲಿ ಸಾರು ತಂದವರು, "ನಡೀರಿ, ಸಂತೆಗೆ ಹೋಗಿ ಬರೋಣ" ಅಂತ ಚೀಲ ಹಿಡಿದು ಬಾಗಿಲಲ್ಲಿ ನಿಂತವರು ನನ್ನನ್ನು ಉಳಿಸಿದರು.

ದುಃಖ ಹೋಗಿಲ್ಲ. ಮಹಾಲಯ ಅಮಾವಾಸ್ಯೆಗೆ ಅವರಿಗಿಷ್ಟದ ಕಜ್ಜಾಯ, ಕಡುಬು ಮಾಡಿ, ಹೊಸ ಪಂಚೆ ಇಟ್ಟು ಎಡೆ ಇಡುವಾಗ ಈಗಲೂ ಗಂಟಲು ಕಟ್ಟುತ್ತದೆ. ಆದರೆ ಅತ್ತು ಎದ್ದು ಎಲ್ಲರಿಗೂ ಬಡಿಸುತ್ತೇನೆ, ನಾನೂ ಊಟ ಮಾಡುತ್ತೇನೆ. ಅವರು ಹೋದ ತಿಂಗಳು ಹತ್ತಿರ ಬಂದಾಗ ಮನಸ್ಸು ಮಂಕಾಗುತ್ತದೆ, ಅದಕ್ಕೇ ಆ ವಾರ ಮಗಳನ್ನೋ ಅಕ್ಕನನ್ನೋ ಮೊದಲೇ ಕರೆಸಿಕೊಂಡಿರುತ್ತೇನೆ. ಸತತವಾಗಿ ಎರಡು ವಾರ ನಿದ್ದೆ ಕೆಟ್ಟರೆ ಮತ್ತೆ ಮಂಗಳವಾರ ಹೋಗಿ ಚೀಟಿ ಮಾಡಿಸುತ್ತೇನೆ.

ಬರುವ ಮಾಘದಲ್ಲಿ ಮಗಳ ಮದುವೆ. ಧಾರೆಗೆ ಅಮ್ಮನೇ ನಿಲ್ಲಬೇಕು ಅಂತ ಅವಳ ಹಟ, ನನಗೂ ಅದೇ ಆಸೆ. ಬೀಗರು ಒಪ್ಪಿದ್ದಾರೆ. ನಮ್ಮ ಕಡೆಯ ಹಿರಿಯರು ಇಬ್ಬರು ಇನ್ನೂ ಒಪ್ಪಿಲ್ಲ, ಮಾತಾಡುತ್ತಿದ್ದೇನೆ.