ಹೊಸ ಬೈಕಿನ ಮೊದಲ ಸರ್ವಿಸ್ ತಪ್ಪಿಹೋಯಿತೇ? ಈಗ ಹೀಗೆ ಮಾಡಿ

ಹೊಸ ಬೈಕಿಗೆ ಮೊದಲ ಸರ್ವಿಸ್ ಸಾಮಾನ್ಯವಾಗಿ 500ರಿಂದ 1000 ಕಿ.ಮೀ. ಒಳಗೆ, ಇಲ್ಲವೇ ಒಂದೆರಡು ತಿಂಗಳೊಳಗೆ ಆಗಬೇಕು. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಗಡುವು. ನಿಮ್ಮ ಬೈಕಿನ ಲೆಕ್ಕ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಹೋಗಿಬಂದರೆ ಸುಮಾರು 600 ಕಿ.ಮೀ. ಒಮ್ಮೆಗೇ ಏರುತ್ತದೆ. ದಿನಕ್ಕೆ 100 ಕಿ.ಮೀ. ಓಡಿಸುವ ಡೆಲಿವರಿ ಹುಡುಗರಿಗೆ ವಾರ, ಹತ್ತು ದಿನದಲ್ಲೇ ಗಡುವು ಮುಗಿದಿರುತ್ತದೆ.

ಗಡುವಿನ ಮೇಲೆ ಇನ್ನೂರು ಮುನ್ನೂರು ಕಿ.ಮೀ. ಹೆಚ್ಚು ಓಡಿದ ಮಾತ್ರಕ್ಕೆ ಎಂಜಿನ್ ಕೆಡುವುದಿಲ್ಲ. ಆದರೆ ‘ಹೇಗೂ ತಡವಾಯಿತು, ಎರಡನೇ ಸರ್ವಿಸ್ ಜೊತೆಗೇ ಮಾಡಿಸಿದರಾಯಿತು’ ಎಂದು ಬಿಡಬೇಡಿ. ಹೊಸ ಎಂಜಿನ್‌ನಲ್ಲಿ ಪಿಸ್ಟನ್ ರಿಂಗ್ ಸಿಲಿಂಡರಿನ ಒಳಗೋಡೆಗೆ ಉಜ್ಜಿ ಹೊಂದಿಕೊಳ್ಳುವಾಗ, ಗೇರುಗಳ ಹಲ್ಲು ಪರಸ್ಪರ ಕೂರುವಾಗ ಸಣ್ಣ ಲೋಹದ ಪುಡಿ ಉದುರುತ್ತದೆ. ಮೊದಲ ಸಲ ಇಳಿಸಿದ ಆಯಿಲ್ ಬಿಸಿಲಿನಲ್ಲಿ ಬೆಳ್ಳಿ ಬಣ್ಣ ಕಲಸಿದಂತೆ ಮಿನುಗುವುದು ಇದರಿಂದಲೇ. ಸ್ಪ್ಲೆಂಡರ್‌ನಂಥ ಬೈಕುಗಳಲ್ಲಿ ಕಾಗದದ ಆಯಿಲ್ ಫಿಲ್ಟರ್ ಇಲ್ಲ. ಜಾಲರಿ ಮತ್ತು ತಿರುಗುವ ಫಿಲ್ಟರ್ ಮಾತ್ರ. ಜಾಲರಿಯಲ್ಲಿ ನುಸುಳುವಷ್ಟು ನಯವಾದ ಪುಡಿ ಪೂರ್ತಿ ಹೊರಬರಲು ಆಯಿಲ್ ಬದಲಿಸುವುದೊಂದೇ ದಾರಿ. ಅಲ್ಲಿಯವರೆಗೆ ಅದೇ ಆಯಿಲ್ ಕ್ಲಚ್, ಗೇರು, ಬೇರಿಂಗ್ ಎಲ್ಲವನ್ನೂ ಸುತ್ತುತ್ತಿರುತ್ತದೆ.

ಹಂತ 1: ಇವತ್ತೇ ಆಯಿಲ್ ಮಟ್ಟ ನೋಡಿ. ಸಮತಟ್ಟು ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಮೂರು ನಿಮಿಷ ಓಡಿಸಿ ಆಫ್ ಮಾಡಿ, ಇನ್ನೆರಡು ಮೂರು ನಿಮಿಷ ಕಾಯಿರಿ. ಆಯಿಲ್ ಅಳೆಯುವ ಕಡ್ಡಿಯನ್ನು (ಡಿಪ್‌ಸ್ಟಿಕ್) ತೆಗೆದು ಒರೆಸಿ ಮತ್ತೆ ಇಳಿಸಿ. ಅನೇಕ ಬೈಕುಗಳಲ್ಲಿ ಇದನ್ನು ತಿರುಗಿಸದೆ ಸುಮ್ಮನೆ ಇಳಿಸಿ ನೋಡಬೇಕು. ತಿರುಗಿಸಿ ಬಿಗಿ ಮಾಡಿದರೆ ಮಟ್ಟ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಕೆಳಗಿನ ಗೆರೆಗಿಂತ ಕಡಿಮೆಯಿದ್ದರೆ ಆಯಿಲ್ ಹಾಕದೆ ಓಡಿಸಬೇಡಿ.

ಹಂತ 2: ಶೋರೂಮಿಗೆ ಫೋನ್ ಮಾಡಿ, ಮೀಟರಿನ ಅಂಕಿಯನ್ನೂ ಖರೀದಿಯ ದಿನಾಂಕವನ್ನೂ ಇದ್ದಂತೆ ಹೇಳಿ. ಉಚಿತ ಕೂಪನ್ ಇನ್ನೂ ನಡೆಯುತ್ತದೆಯೇ, ವಾರಂಟಿಗೆ ತೊಂದರೆಯಿದೆಯೇ ಎಂದು ಆಗಲೇ ಕೇಳಿ. ‘ಉಚಿತ’ವೆಂದರೆ ಕೂಲಿ ಮಾತ್ರ, ಆಯಿಲ್ ದುಡ್ಡು ನಿಮ್ಮದೇ. ವಾರಂಟಿ ಇರುವಾಗ ಬೀದಿ ಗ್ಯಾರೇಜಿನಲ್ಲಿ ಆಯಿಲ್ ಬದಲಿಸಿಕೊಂಡು ಸುಮ್ಮನಾಗಬೇಡಿ. ಮುಂದೆ ಎಂಜಿನ್ ತಕರಾರು ಬಂದರೆ ತೋರಿಸಲು ದಾಖಲೆಯೇ ಇರುವುದಿಲ್ಲ.

ಹಂತ 3: ಬೈಕನ್ನು ಸಾಧ್ಯವಾದರೆ ಹಿಂದಿನ ದಿನ ಸಂಜೆಯೇ ಬಿಡಿ. ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಆಯಿಲ್ ಇಳಿಸುವಾಗ ಎಂಜಿನ್ ಬಿಸಿ ಇರಬೇಕು, ಆಗಲೇ ಪುಡಿಯೆಲ್ಲ ತೇಲಿಕೊಂಡು ಹೊರಬರುತ್ತದೆ. ಆದರೆ ಟ್ಯಾಪೆಟ್ ಸಂದು, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಕಿರಿದಾದ ಅಂತರ, ಅಳೆಯುವಾಗ ಎಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿಯಲ್ಲಿ ಲೋಹ ಹಿಗ್ಗಿರುವುದರಿಂದ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೋರಿಸುವ ಅಳತೆ ಸುಳ್ಳು. ರಾತ್ರಿಯಿಡೀ ನಿಂತು ತಣಿದ ಬೈಕಿನಲ್ಲಿ ಮೊದಲು ಟ್ಯಾಪೆಟ್ ನೋಡಿ, ಆಮೇಲೆ ಎಂಜಿನ್ ಬಿಸಿ ಮಾಡಿ ಆಯಿಲ್ ಇಳಿಸಬಹುದು. ವಾಲ್ವ್ ತನ್ನ ಸೀಟಿನಲ್ಲಿ ಕೂರುತ್ತಾ ಹೋದಂತೆ ಸಂದು ಕಿರಿದಾಗುತ್ತದೆ. ಸಂದೇ ಇಲ್ಲವಾದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ: ಕಂಪ್ರೆಷನ್ ಸೋರುತ್ತದೆ, ಸ್ಟಾರ್ಟಿಂಗ್ ಕಷ್ಟವಾಗುತ್ತದೆ, ಕೊನೆಗೆ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ಸಂದು ಹೆಚ್ಚಾದರೆ ಟಕಟಕ ಸದ್ದು ಕೇಳಿ ಎಚ್ಚರವಾಗುತ್ತೀರಿ. ಕಡಿಮೆಯಾದರೆ ಸದ್ದೇ ಇಲ್ಲ. ಹಾಗಾಗಿ ‘ಸದ್ದಿಲ್ಲ ಸಾರ್, ಟ್ಯಾಪೆಟ್ ಬೇಡ’ ಎಂದರೆ ಒಪ್ಪಬೇಡಿ.

ಹಂತ 4: ಜಾಬ್ ಕಾರ್ಡಿನಲ್ಲಿ (ಶೋರೂಮಿನವರು ಕೆಲಸಗಳನ್ನು ಬರೆದುಕೊಳ್ಳುವ ಚೀಟಿ) ಬರೆಸಿ: ಆಯಿಲ್ ಬದಲು, ಫಿಲ್ಟರ್ ಇದ್ದರೆ ಬದಲು, ಜಾಲರಿ ತೊಳೆಯುವುದು, ಆಯಿಲ್ ಇಳಿಸುವ ಡ್ರೈನ್ ಬೋಲ್ಟಿಗೆ ಹೊಸ ವಾಷರ್, ಟ್ಯಾಪೆಟ್, ಚೈನು, ಕ್ಲಚ್ ಲಿವರಿನ ಸಡಿಲ, ಹ್ಯಾಂಡಲ್ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್), ಕಡ್ಡಿ ಚಕ್ರವಿದ್ದರೆ ಕಡ್ಡಿಗಳ ಬಿಗಿ. ಆಯಿಲ್ ಗ್ರೇಡ್ ಪುಸ್ತಕದಲ್ಲಿರುವುದೇ ಇರಲಿ. ಸ್ಪ್ಲೆಂಡರಿಗೆ 10ಡಬ್ಲ್ಯು-30, ಅನೇಕ ಪಲ್ಸರುಗಳಿಗೆ 20ಡಬ್ಲ್ಯು-50 ಎಂಬಂತೆ ಒಂದೊಂದಕ್ಕೆ ಒಂದೊಂದು. ಡಬ್ಬಿಯ ಮೇಲೆ ‘ಜಾಸೊ ಎಂಎ’ ಅಥವಾ ‘ಎಂಎ2’ ಎಂದಿರಬೇಕು. ಬೈಕಿನ ಕ್ಲಚ್ ಪ್ಲೇಟು ಎಂಜಿನ್ ಆಯಿಲ್‌ನಲ್ಲೇ ನೆನೆದಿರುವುದರಿಂದ, ಘರ್ಷಣೆ ತಗ್ಗಿಸುವ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ. ಆಯಿಲ್ ಎಷ್ಟು ಹಾಕಬೇಕೆಂಬುದಕ್ಕೆ ಪುಸ್ತಕದಲ್ಲಿ ಎರಡು ಅಳತೆ ಇರುತ್ತವೆ. ಎಂಜಿನ್ ಬಿಚ್ಚಿದಾಗಿನದಲ್ಲ, ಆಯಿಲ್ ಬದಲಿಸುವಾಗಿನದನ್ನು ನೋಡಿ.

ಹಂತ 5: ಬೈಕ್ ತರುವ ಮುನ್ನ ಕ್ಲಚ್ ಲಿವರ್ ತುದಿಯನ್ನು ಬೆರಳಿನಲ್ಲಿ ಒತ್ತಿ ನೋಡಿ. ಸಾಮಾನ್ಯ ಬೈಕುಗಳಲ್ಲಿ 10ರಿಂದ 20 ಮಿ.ಮೀ. ಸಡಿಲ ಇರಬೇಕು. ಚೈನು ನಡುವೆ 20ರಿಂದ 30 ಮಿ.ಮೀ. ಮೇಲೆ ಕೆಳಗೆ ಆಡಬೇಕು. ಚಕ್ರ ತಿರುಗಿಸುತ್ತಾ ಅತಿ ಬಿಗಿಯಾದ ಜಾಗದಲ್ಲೇ ಅಳೆಯಿರಿ. ತೀರಾ ಬಿಗಿಯಾದ ಚೈನು ಸ್ಪ್ರಾಕೆಟ್ಟನ್ನೂ ಬೇರಿಂಗನ್ನೂ ತಿನ್ನುತ್ತದೆ. ಸರ್ವಿಸ್ ಪುಸ್ತಕದಲ್ಲಿ ಕಿ.ಮೀ., ದಿನಾಂಕ, ಮೊಹರು ಬಿದ್ದಿದೆಯೇ ನೋಡಿ, ಬಿಲ್ಲನ್ನು ಜೋಪಾನವಾಗಿಡಿ.

ಮರುದಿನ ಬೆಳಿಗ್ಗೆ ಬೈಕ್ ನಿಲ್ಲಿಸಿದ ಜಾಗದಲ್ಲಿ ಆಯಿಲ್ ಹನಿ ಇದೆಯೇ ನೋಡಿ. ಇದ್ದರೆ ಡ್ರೈನ್ ಬೋಲ್ಟನ್ನು ನೀವೇ ಒತ್ತಿ ಬಿಗಿ ಮಾಡಲು ಹೋಗಬೇಡಿ. ಎಂಜಿನ್ ಕೇಸ್ ಅಲ್ಯೂಮಿನಿಯಂ, ಥ್ರೆಡ್ ಕಿತ್ತುಬರುತ್ತದೆ. ಆಯಿಲ್ ಮಟ್ಟ ಸರಿಯಿದ್ದರೆ ನಿಧಾನವಾಗಿ ಶೋರೂಮಿಗೇ ಒಯ್ಯಿರಿ. ಸುಮಾರು 50 ಕಿ.ಮೀ. ಓಡಿದ ಮೇಲೆ ಆಯಿಲ್ ಮಟ್ಟವನ್ನು ಇನ್ನೊಮ್ಮೆ ಪರೀಕ್ಷಿಸಿ.