ಎಲೆ ಉದುರಿದ ಮರವನ್ನು ದೂರದಿಂದಲೇ ಗುರುತಿಸುವುದು ಹೇಗೆ?

ಎಲೆಯಿಲ್ಲದೆ ಮರದ ಗುರುತು ಸಿಗದು ಎನ್ನುವವರು ಫೆಬ್ರುವರಿ, ಮಾರ್ಚ್‌ನಲ್ಲಿ ಗುಂಡ್ಲುಪೇಟೆಯಿಂದ ಬಂಡೀಪುರದ ಮೂಲಕ ಊಟಿಯತ್ತ ಒಮ್ಮೆ ಹೋಗಬೇಕು. ಎಲೆಯುದುರುವ ಕಾಡು ಆಗ ಬಹುಮಟ್ಟಿಗೆ ಬೋಳು. ಕಾಡಿನ ನಡುವೆ ವಾಹನ ನಿಲ್ಲಿಸುವಂತಿಲ್ಲ. ಕಿಟಕಿಯಿಂದ ಕಂಡಷ್ಟೇ ಲಾಭ. ಆದರೂ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ತೊಗಟೆಯ ಬಣ್ಣ, ಕೊಂಬೆಗಳ ಜೋಡಣೆ ಎರಡೂ ಮರೆಯಿಲ್ಲದೆ ಕಾಣುತ್ತವೆ.

ಮೊದಲು ಕಾಂಡ ಕಪ್ಪೋ ಬಿಳುಪೋ ನೋಡಿ. ಈ ಕಾಡಿನಲ್ಲಿ ಹೆಚ್ಚಾಗಿ ಎದುರಾಗುವವು ಮತ್ತಿ, ದಿಂಡಿಗ, ತೇಗ. ಕಪ್ಪಗಿನ ತೊಗಟೆ ಉದ್ದಕ್ಕೂ ಅಡ್ಡಕ್ಕೂ ಆಳವಾಗಿ ಬಿರಿದು, ಮೊಸಳೆಯ ಬೆನ್ನಿನಂತೆ ಚೌಕ ಚೌಕವಾಗಿ ಎದ್ದಿದ್ದರೆ ಅದು ಮತ್ತಿ. ಅದರ ಪಕ್ಕದಲ್ಲೇ ನುಣುಪಾದ ಬೂದುಬಿಳುಪಿನ ಕಾಂಡವಿದ್ದು, ಕೊಂಬೆಯ ತುದಿಗಳು ತೆಳ್ಳಗೆ ಕೆಳಕ್ಕೆ ಬಾಗಿದ್ದರೆ ದಿಂಡಿಗ. ತೇಗದ ತೊಗಟೆ ಕಂದುಬೂದು, ಉದ್ದುದ್ದಕ್ಕೆ ತೆಳು ಸೀಳುಗಳು. ಅಷ್ಟರಿಂದಲೇ ತೀರ್ಮಾನಕ್ಕೆ ಬರುವುದು ಕಷ್ಟ. ತಲೆಯೆತ್ತಿ ನೋಡಿದರೆ ಬೋಳು ಕೊಂಬೆಗಳ ತುದಿಯಲ್ಲಿ ಒಣಗಿದ ಕಾಯಿಗೊಂಚಲುಗಳು ಉಳಿದಿರುತ್ತವೆ. ತೇಗಕ್ಕೆ ನಾನು ನಂಬುವುದು ಅದನ್ನೇ.

ಬಿಳುಪು ಕಾಂಡವೆಲ್ಲ ದಿಂಡಿಗವಲ್ಲ. ನಾಗರಹೊಳೆ, ಕಬಿನಿ ಕಡೆ ನಂದಿ ಮರ ಧಾರಾಳವಾಗಿದೆ. ಅದರ ತೊಗಟೆ ತೆಳು ಹಾಳೆಗಳಾಗಿ ಸುಲಿದು ಬುಡದಲ್ಲಿ ಬಿದ್ದಿರುತ್ತದೆ. ಸುಲಿದ ಮೇಲೆ ಉಳಿಯುವ ಕಾಂಡ ನಯವಾಗಿ ಬೆಳ್ಳಗಿರುತ್ತದೆ. ಹೊಳೆಯ ದಂಡೆಯಲ್ಲಿ ದಪ್ಪ ಬಿಳಿ ಕಾಂಡ ಕಂಡರೆ ಹೊಳೆಮತ್ತಿ ಇರಬಹುದು. ಮತ್ತಿಯ ದಾಯಾದಿಯೇ, ಆದರೆ ತೊಗಟೆ ತದ್ವಿರುದ್ಧ. ಹೀಗಾಗಿ ಬಣ್ಣದ ಜೊತೆಗೆ ಮರ ನಿಂತ ಜಾಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಆಮೇಲೆ ಕೊಂಬೆಗಳು ಹೊರಟ ರೀತಿ. ನೆಟ್ಟಗಿನ ಕಾಂಡದಿಂದ ಸುತ್ತಲೂ ಅಡ್ಡಕ್ಕೆ ಚಾಚಿ, ಅಂತಸ್ತು ಅಂತಸ್ತಾಗಿ ಕೊಂಬೆಗಳಿದ್ದರೆ ಆಯ್ಕೆ ಬೇಗ ಕಿರಿದಾಗುತ್ತದೆ. ಬೇಸಿಗೆಯ ಮೊದಲಲ್ಲಿ ಎಲೆಯಿಲ್ಲದೆ ಕೆಂಪು ಹೂ ಹೊತ್ತಿದ್ದರೆ ಬೂರುಗ; ಅದೇ ಹೊತ್ತಿನಲ್ಲಿ ಹಸಿರಾಗಿಯೇ ಇದ್ದರೆ ಹಾಲೆ. ಊರೊಳಗಾದರೆ ನಾಡಬಾದಾಮಿಯೂ ಹೀಗೇ ಬೆಳೆಯುತ್ತದೆ, ಉದುರುವ ಮುನ್ನ ಎಲೆ ಕೆಂಪಾಗುವುದು ಅದರ ಗುರುತು. ಬೂರುಗದ ಎಳೆ ಕಾಂಡಕ್ಕೆ ಮೊನಚು ಮುಳ್ಳುಗಳಿರುತ್ತವೆ. ಹಳೆಯ ಮರದ ಕೆಳಭಾಗದಲ್ಲಿ ಅವು ಉದುರಿಹೋಗಿರಬಹುದು, ಮುಳ್ಳಿಲ್ಲವೆಂದು ಬೂರುಗವನ್ನು ಕೈಬಿಡಬೇಡಿ.

ಆಕಾರ ಮೋಸ ಮಾಡುವುದು ರಸ್ತೆಬದಿಯಲ್ಲಿ. ವಿದ್ಯುತ್ ತಂತಿಗೆ ತಾಗುತ್ತದೆಂದು ತಲೆ ಸವರಿದ ಮರಕ್ಕೆ ತನ್ನದೆಂಬ ಆಕಾರವೇ ಉಳಿದಿರುವುದಿಲ್ಲ, ಅಲ್ಲಿ ತೊಗಟೆಯೊಂದೇ ಗತಿ. ತೊಗಟೆಗೂ ಮಿತಿಯಿದೆ. ಎಳೆಯ ಮರದಲ್ಲಿ ಬಿರುಕುಗಳು ಇನ್ನೂ ಮೂಡಿರುವುದಿಲ್ಲ, ಮಳೆಯಲ್ಲಿ ನೆನೆದ ಕಾಂಡ ಇದ್ದುದಕ್ಕಿಂತ ಕಪ್ಪಾಗಿ ಕಾಣುತ್ತದೆ. ಆದ್ದರಿಂದ ಬಲಿತ ಮರವನ್ನೇ ಆರಿಸಿಕೊಳ್ಳಿ. ಬೆಳಕು ನಿಮ್ಮ ಬೆನ್ನ ಹಿಂದಿರಲಿ. ಬೈನಾಕ್ಯುಲರ್ ಇದ್ದರೆ ಮೊದಲು ಆಳೆತ್ತರದ ಕಾಂಡದ ಮೇಲೆ ನೆಡಿ.

ದೂರದಿಂದ ಹೇಳಿದ ಹೆಸರನ್ನು, ಹತ್ತಿರ ಹೋಗಲು ಅನುಮತಿಯಿರುವ ಕಡೆ, ಬುಡದಲ್ಲಿ ಪರೀಕ್ಷಿಸಿ. ಮತ್ತಿ ಎಂದಿದ್ದರೆ ಐದು ರೆಕ್ಕೆಯ ಒಣ ಕಾಯಿಗಾಗಿ ಹುಡುಕಿ. ತರಗೆಲೆ ಸಿಕ್ಕರೆ ತಿರುವಿ ಹಾಕಿ: ಬೆನ್ನಿನಲ್ಲಿ, ತೊಟ್ಟಿನ ಹತ್ತಿರ ನಡುನರದ ಮೇಲೆ ಪುಟ್ಟ ಗ್ರಂಥಿಗಳು ಸಾಮಾನ್ಯವಾಗಿ ಬೆರಳಿಗೆ ತಾಕುತ್ತವೆ.